ತೂಕಕ್ಕೆ ಹಾಕೋ ಮುಂಚೆ ಪುಟ ತಿರುಗಿಸಿ

ಕಳೆದ ರಜೆಯಲ್ಲಿ ರಾಜಾಜಿನಗರದ ಹಳೇ ಮನೆಯೊಂದನ್ನು ಒಡೆಯೋದಿತ್ತು. ಆ ಮನೆಯ ತಾತ ಡಾಕ್ಟರ್ ಆಗಿದ್ದವರು. ಪುಸ್ತಕ ಬೇಕಿದ್ರೆ ತಗೊಂಡು ಹೋಗಿ ಅಂತ ಮನೆಯವರು ನಮ್ಮ ಸಂಘದ ಗೆಳೆಯನೊಬ್ಬನಿಗೆ ಹೇಳಿದ್ರು. ನಾವು ತಲುಪೋ ಹೊತ್ತಿಗೆ ಅರ್ಧ ಪುಸ್ತಕ ಆಗಲೇ ಹಳೇ ಪೇಪರ್ ಅಂಗಡಿಯ ತಕ್ಕಡಿ ಏರಿತ್ತು. ಉಳಿದಿದ್ದನ್ನು ಎರಡು ಗೋಣಿಚೀಲಕ್ಕೆ ತುಂಬಿ ಆಟೋದಲ್ಲಿ ಹಾಸ್ಟೆಲಿಗೆ ತಂದೆವು.

ಅವತ್ತಿನ ಗಲಾಟೆಯೆಲ್ಲ ಒಂದು ದಪ್ಪ ಪುಸ್ತಕದ ಸುತ್ತ. 'ಗ್ರೇಸ್ ಅನಾಟಮಿ', 1901ರ ಆವೃತ್ತಿ! 1858ರಲ್ಲಿ ಲಂಡನ್ನಿನಲ್ಲಿ ಮೊದಲು ಬಂದ ಪುಸ್ತಕ. ಅದಕ್ಕೆ ಚಿತ್ರ ಬರೆದ ಕಾರ್ಟರ್ ಆಮೇಲೆ ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದವರು. ಎಷ್ಟಕ್ಕೆ ಹೋಗಬಹುದು ಅನ್ನೋ ಲೆಕ್ಕವೂ ಶುರುವಾಯ್ತು. ಯಾರೋ ಶೀರ್ಷಿಕೆ ಪುಟ ತಿರುಗಿಸಿದ್ರು, ಹಿಂಬದಿಯಲ್ಲಿ ಐಎಸ್‌ಬಿಎನ್! 1901ರಲ್ಲಿ ಎಲ್ಲಿಯ ಐಎಸ್‌ಬಿಎನ್? ಅಮೆರಿಕದ ರನ್ನಿಂಗ್ ಪ್ರೆಸ್ 1974ರಲ್ಲಿ ಹಳೇ ಆವೃತ್ತಿಯನ್ನು ಯಥಾವತ್ತಾಗಿ ಮತ್ತೆ ಅಚ್ಚು ಹಾಕಿತ್ತು, ಇದು ಅದರ ಪ್ರತಿ. ಅಂಥವು ಬೇಕಾದಷ್ಟು ಸಿಗುತ್ತವೆ.

ನಿಜಕ್ಕೂ ಅಪರೂಪದ್ದು ಮಂಚದ ಕೆಳಗೆ ಬಿದ್ದಿತ್ತು. ಬಾಣಂತನದ ಬಗ್ಗೆ ಕನ್ನಡದಲ್ಲಿರೋ ಸಣ್ಣ ಪುಸ್ತಕ. ಮುಖಪುಟ ಇಲ್ಲ, ಮೊದಲ ಕೆಲವು ಪುಟವೂ ಇಲ್ಲ. ಹಿಂಬದಿ ರಟ್ಟಿನಲ್ಲಿ ಬೆಲೆ 1-4-0, ಅಂದ್ರೆ ರೂಪಾಯಿ, ಆಣೆ, ಪೈ. ನಯಾ ಪೈಸೆ ಜಾರಿಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಹಾಗಾಗಿ ಅದಕ್ಕಿಂತ ಹಳೇದಿರಬೇಕು. ಒಳಗೆ ಬಾಣಂತಿ ಜ್ವರಕ್ಕೆ ಸಲ್ಫಾ ಮಾತ್ರೆ ಹೇಳಿದ್ದಾರೆ, ಪೆನಿಸಿಲಿನ್ ಹೆಸರೇ ಇಲ್ಲ. ಈ ಜ್ವರಕ್ಕೆ ಸಲ್ಫಾ ಕೆಲಸ ಮಾಡುತ್ತೆ ಅಂತ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೋರಿಸಿದ್ದು 1936ರಲ್ಲಿ. ಪೆನಿಸಿಲಿನ್ ಜನಸಾಮಾನ್ಯರ ಕೈಗೆ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಲ್ಲಿಗೆ ಬರಹ 1940ರ ಆಸುಪಾಸಿನದು. ಆದ್ರೆ ಅಚ್ಚು? ಅದೇ ಬರಹವನ್ನು 1955ರಲ್ಲಿ ಮತ್ತೆ ಅಚ್ಚು ಹಾಕಿರಬಹುದಲ್ವಾ?

ನಮ್ಮ ತಕರಾರು ಇಲ್ಲೇ. ಬರಹ ತಿದ್ದಿದರೆ ಹೊಸ ಆವೃತ್ತಿ, ಇದ್ದದ್ದನ್ನೇ ಮತ್ತೆ ಅಚ್ಚು ಹಾಕಿದರೆ ಹೊಸ ಮುದ್ರಣ. ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಈ ಎರಡೂ ಕಲಸುಮೇಲೋಗರ. 'ಪ್ರತಿಗಳು: 1000' ಅಂತ ಹಾಕೋ ಒಳ್ಳೇ ರೂಢಿ ನಮ್ಮಲ್ಲಿದೆ, ಏನು ತಿದ್ದಿದ್ದೇವೆ ಅಂತ ಹೇಳೋ ರೂಢಿ ಇಲ್ಲ. ವರ್ಷನ್ ನಂಬರ್ ಇಲ್ಲದ ಕೋಡ್ ಕೊಟ್ಟರೆ ಲ್ಯಾಬಿನಲ್ಲಿ ನಾವು ಸುಮ್ಮನಿರ್ತೀವಾ? ಕಾದಂಬರಿಗೆ ನಡೆದೀತು, ವೈದ್ಯ ಪುಸ್ತಕಕ್ಕೆ ಹೇಗೆ ನಡೆಯುತ್ತೆ? ಭಾರತ ಸಿಡುಬು ಮುಕ್ತ ಅಂತ ಘೋಷಣೆಯಾಗಿದ್ದು 1977ರಲ್ಲಿ. ಮಗುವಿಗೆ ಸಿಡುಬಿನ ಲಸಿಕೆ ಹಾಕಿಸಿ ಅನ್ನೋ ಸಾಲು ನಮ್ಮ ತಾಯಿ-ಮಗು ಪುಸ್ತಕಗಳಿಂದ ಯಾವಾಗ ಮರೆಯಾಯ್ತು ಅಂತ ತಿಳಿಯಬೇಕಿದ್ರೆ ಬೇರೆ ಬೇರೆ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಡೂಪ್ಲಿಕೇಟ್ ಅಂತ ಗ್ರಂಥಾಲಯಗಳು ಹೊರಗೆ ಹಾಕೋದು ಅವನ್ನೇ.

ಎಲ್ಲ ಸ್ಕ್ಯಾನ್ ಆಗಿದೆಯಲ್ಲ ಅಂತೀರಾ? ಸ್ಕ್ಯಾನ್ ಆಗೋದು ಸಾಮಾನ್ಯವಾಗಿ ಕೈಗೆ ಸಿಕ್ಕ ಒಂದು ಪ್ರತಿ. ಗ್ರಂಥಾಲಯದ ಪ್ರತಿಯಾದ್ರೆ ಬೈಂಡ್ ಮಾಡುವಾಗ ಹಿಂಬದಿ ರಟ್ಟು ಹೋಗಿರುತ್ತೆ, ಬೆಲೆ ಇರೋದು ಎಷ್ಟೋ ಸಲ ಅಲ್ಲೇ.

ಎಲ್ಲವನ್ನೂ ಕೂಡಿಡಿ ಅಂತ ನಾವು ಹೇಳ್ತಿಲ್ಲ, ನಮ್ಮ ರೂಮಲ್ಲೂ ಜಾಗ ಇಲ್ಲ. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನಿಮ್ಮವರ ಮನೆ ಖಾಲಿಯಾಗ್ತಿದ್ರೆ, ತೂಕಕ್ಕೆ ಹಾಕೋ ಮುಂಚೆ ನಾಲ್ಕು ಫೋಟೋ ತೆಗೆದು ಸಂಘಕ್ಕೆ ಕಳಿಸಿ: ಶೀರ್ಷಿಕೆ ಪುಟ, ಅದರ ಹಿಂಬದಿ, ಕೊನೆಯ ಪುಟ, ಹಿಂಬದಿ ರಟ್ಟು. ವಿಳಾಸದಲ್ಲಿ 'ಬೆಂಗಳೂರು-10' ಅಂತ ಇದೆಯಾ, 560010 ಅಂತ ಇದೆಯಾ ನೋಡಿ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದು ಇದ್ರೆ ಅಚ್ಚು ಆಮೇಲಿನದೇ. ರಬ್ಬರ್ ಸ್ಟಾಂಪಿನ ಬೆಲೆಯನ್ನು ಮಾತ್ರ ನಂಬಬೇಡಿ, ಉಳಿದ ಹಳೇ ಪ್ರತಿಗಳ ಮೇಲೆ ಹೊಸ ಬೆಲೆ ಒತ್ತಿರ್ತಾರೆ.

ಅಂದಹಾಗೆ, ಮಂಚದ ಕೆಳಗಿನ ಪುಸ್ತಕದಲ್ಲಿ ಒಂದು ಕಷಾಯದ ಪ್ರಮಾಣ 'ಎರಡು ಚಮಚ' ಅಂತ ಅಚ್ಚಾಗಿದೆ. ಯಾರೋ ಪೆನ್ಸಿಲಿನಲ್ಲಿ 'ಎರಡು' ಹೊಡೆದು 'ಒಂದು' ಅಂತ ಬರೆದಿದ್ದಾರೆ. ಮುಂದಿನ ಮುದ್ರಣದಲ್ಲಿ ಅದು ತಿದ್ದುಪಡಿ ಆಯ್ತಾ, ಇಲ್ವಾ? ನಿಮ್ಮಜ್ಜಿ ಮನೆಯ ಅಟ್ಟದಲ್ಲಿ ಇನ್ನೊಂದು ಪ್ರತಿ ಇದ್ರೆ ಆ ಪುಟದ ಫೋಟೋನೂ ಕಳಿಸಿ.