ಎಕ್ಸ್‌ರೇ ಬಟನ್ ಒತ್ತೋದಕ್ಕೂ ಡಿಗ್ರಿ ಬೇಕಾ?

"ಎಕ್ಸ್‌ರೇ ತೆಗೆಯೋದಕ್ಕೆ ಡಿಗ್ರಿ ಯಾಕೆ ಗುರು, ಬಟನ್ ಒತ್ತಿದ್ರೆ ಆಯ್ತಲ್ಲ?" ಕ್ಯಾಂಟೀನಲ್ಲಿ ಟೀ ಕುಡೀತಾ ಇಂಥ ಮಾತು ಸಲೀಸಾಗಿ ಬರುತ್ತೆ. ಹಾಗೆ ನೋಡಿದ್ರೆ ಕೋಡ್ ಬರೆಯೋದು ಅಂದ್ರೂ ಕೀಬೋರ್ಡ್ ಒತ್ತೋದೇ ಅಲ್ವಾ? ಅದಕ್ಕೆ ನಾವ್ಯಾಕೆ ನಾಲ್ಕು ವರ್ಷ ಇಂಟರ್ನಲ್ಸ್, ಬ್ಯಾಕ್‌ಲಾಗ್ ಅಂತ ಒದ್ದಾಡ್ತಿದ್ದೀವಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರೇಡಿಯೋಗ್ರಫಿಗೆ ಡಿಗ್ರಿ ಬೇಕು, ಅದಕ್ಕಿರುವ ಅರ್ಹತೆಗಳನ್ನು ಸಡಿಲ ಮಾಡಬಾರದು. ಆದರೆ ಆ ಅರ್ಹತೆಗಳೇನು ಅಂತ ನಮ್ಮ ಜಿಲ್ಲೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸರಿಯಾದ ಹೊತ್ತಿಗೆ ಯಾರಾದರೂ ಹೇಳಬೇಕು. ಆ ಕೆಲಸ ನಮ್ಮ ಕೈಯಲ್ಲೇ ಇದೆ.

ಮೊದಲು ಲೆಕ್ಕ ನೋಡೋಣ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಇದೆ. ಸೇರಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಓದಿರಬೇಕು. 3 ವರ್ಷ ಓದು, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಅಂದ್ರೆ ನಮ್ಮ ಬಿ.ಇ. ಎಷ್ಟೋ ಅದೂ ಅಷ್ಟೇ, ನಾಲ್ಕು ವರ್ಷ. ಇದರ ಜೊತೆ ಡಿಪ್ಲೊಮಾ ದಾರಿಯೂ ಉಂಟು.

ಇಷ್ಟೆಲ್ಲ ಯಾಕೆ? ಒಂದೇ ಉದಾಹರಣೆ ಸಾಕು, ಇಸಿ ಹುಡುಗರಿಗೆ ಬೇಗ ಅರ್ಥ ಆಗುತ್ತೆ. ಹಳೇ ಫಿಲಂ ಕಾಲದಲ್ಲಿ ಎಕ್ಸ್‌ಪೋಷರ್ ಜಾಸ್ತಿ ಆದ್ರೆ ಫಿಲಂ ಕಪ್ಪಾಗ್ತಿತ್ತು, ತಪ್ಪು ಅಲ್ಲೇ ಕಾಣ್ತಿತ್ತು. ಈಗಿನ ಡಿಜಿಟಲ್ ಡಿಟೆಕ್ಟರ್‌ನಲ್ಲಿ ಡೋಸ್ ದುಪ್ಪಟ್ಟು ಕೊಟ್ಟರೂ ಸಾಫ್ಟ್‌ವೇರ್ ಬ್ರೈಟ್‌ನೆಸ್ ಸರಿ ಮಾಡಿ ಚಂದದ ಚಿತ್ರ ತೋರಿಸುತ್ತೆ. ನಾಯ್ಸ್ ಕಡಿಮೆ ಇರೋದ್ರಿಂದ ಡಾಕ್ಟರಿಗೂ ಖುಷಿ. ಜಾಸ್ತಿ ಬಿದ್ದ ವಿಕಿರಣ ಮಾತ್ರ ರೋಗಿಯ ಮೈಗೆ. ಕಿಲೋವೋಲ್ಟ್ ಎಷ್ಟಿಡಬೇಕು, ಮಿಲಿಆಂಪಿಯರ್-ಸೆಕೆಂಡ್ ಎಷ್ಟಿಡಬೇಕು, ಕಿರಣದ ಅಗಲ ಎಲ್ಲಿಗೆ ಕಟ್ ಮಾಡಬೇಕು ಅನ್ನೋದನ್ನ ಸಣಕಲು ಮಗುವಿಗೂ ದಪ್ಪ ಮೈಯವರಿಗೂ ಬೇರೆಬೇರೆಯಾಗಿ ಗೊತ್ತುಮಾಡುವವರು ರೇಡಿಯೋಗ್ರಾಫರ್. ಮೆಷಿನ್ ಎಷ್ಟೇ ಆಟೋಮ್ಯಾಟಿಕ್ ಆಗಿದ್ರೂ ರೋಗಿಯನ್ನ ಸರಿಯಾಗಿ ಮಲಗಿಸದೆ ಇದ್ರೆ ಅದರ ಲೆಕ್ಕ ತಪ್ಪುತ್ತೆ.

ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್ ಡೋಸ್ ಅಂದ್ರೆ, ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಅದರ ಹತ್ತಾರು ಪಟ್ಟು. ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ಜೊತೆ ಕೆಲಸ ಮಾಡೋರಿಗೆ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ದಾಟಬಾರದು ಅಂತ ಮಿತಿ ಇಟ್ಟಿದೆ. ಅವರು ಎದೆ ಮೇಲೆ ಹಾಕಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಇರೋದು ಇದನ್ನ ಅಳೆಯೋಕೆ. ರೋಗಿಗೆ ಇಂಥ ಬ್ಯಾಡ್ಜ್ ಇಲ್ಲ. ಅವರ ಪಾಲಿಗೆ ಟೆಕ್ನಿಷಿಯನ್ನಿನ ಓದೇ ರಕ್ಷಣೆ.

ಎಂಆರ್‌ಐನಲ್ಲಿ ಅಯಾನೀಕರಿಸುವ ವಿಕಿರಣ ಇಲ್ಲ, ಅಪಾಯ ಬೇರೆ ಥರದ್ದು. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ವ್ಯಕ್ತಿಯನ್ನ ಸಿಲಿಂಡರ್ ಸಮೇತ ಅಯಸ್ಕಾಂತ ಎಳೆದುಕೊಂಡಿತು. ಅವರು ತೀರಿಹೋದರು. ಆ ಬಾಗಿಲಲ್ಲಿ ಯಾರನ್ನು, ಯಾವ ವಸ್ತುವನ್ನು ತಡೆಯಬೇಕು ಅಂತ ಗೊತ್ತಿರೋದೂ ಈ ಓದಿನ ಭಾಗವೇ.

"ಇದೆಲ್ಲ ಬೆಂಗಳೂರಿಗೆ ಸರಿ. ಅರಕಲಗೂಡು, ಹೊಳೆನರಸೀಪುರದಂಥ ಕಡೆ ಜನ ಸಿಕ್ಕೋದೇ ಕಷ್ಟ, ಮೂರು ತಿಂಗಳು ಕಲಿಸಿ ಕೂರಿಸಿದ್ರೆ ಆಗಲ್ವಾ?" ಅನ್ನಬಹುದು. ನಾನು ಇದನ್ನ ಒಪ್ಪೋದಿಲ್ಲ. ಅರಕಲಗೂಡಿನ ಹಳ್ಳಿಯಿಂದ ಕೂಲಿ ಬಿಟ್ಟು ಬಂದ ಅಜ್ಜಿಗೆ "ಸರಿ ಬಂದಿಲ್ಲ, ನಾಳೆ ಬನ್ನಿ" ಅಂದ್ರೆ ಇನ್ನೊಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜ್ ಹೋಯ್ತು, ಡೋಸೂ ಎರಡು ಸಲ. ಮದುವೆಯಾದ ಹೆಣ್ಣುಮಗಳನ್ನ "ಮುಟ್ಟು ಯಾವಾಗ ಆಗಿತ್ತಮ್ಮ?" ಅಂತ ಮರ್ಯಾದೆಯಿಂದ, ಅವರ ಮಾತಲ್ಲೇ ಕೇಳಿ ಆಮೇಲೆ ಮೆಷಿನ್ ಹತ್ರ ಕರೀಬೇಕು. ಸಣ್ಣ ಊರಿನವರಿಗೆ ಕಡಿಮೆ ಓದಿದವರು ಸಾಕು ಅನ್ನೋದು ಯಾವ ನ್ಯಾಯ?

2021ರಲ್ಲಿ ಬಂದ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೂ ಇದೇ ದಿಕ್ಕಿನಲ್ಲಿದೆ. ಅದರ ಪ್ರಕಾರ ಅಲೈಡ್ ಹೆಲ್ತ್ ಕೋರ್ಸ್ ಅಂದ್ರೆ ಕನಿಷ್ಠ 2,000 ಗಂಟೆ ಕಲಿಕೆ, 2ರಿಂದ 4 ವರ್ಷದ ಅವಧಿಯಲ್ಲಿ. ಮೂರು ತಿಂಗಳ ಸರ್ಟಿಫಿಕೇಟಿಗೆ ಅಲ್ಲಿ ಜಾಗ ಇಲ್ಲ. ಇದು ಸರಿಯಾದ ಹೆಜ್ಜೆ.

ನನ್ನ ತಕರಾರು ಇರೋದು ಬೇರೆ ಕಡೆ. ಹತ್ತನೇ ಕ್ಲಾಸ್ ಮುಗಿದ ಮೇಲೆ "ಇಂಜಿನಿಯರಿಂಗ್ ಗ್ಯಾರಂಟಿ" ಅಂತ ಪಿಸಿಎಂಸಿ ತಗೊಂಡ್ರೆ ಬಯಾಲಜಿ ಇಲ್ಲದ ಕಾರಣ ಈ ಬಾಗಿಲು ಅಲ್ಲೇ ಮುಚ್ಚಿಹೋಯ್ತು. ಹದಿನಾರು ವರ್ಷದ ಹುಡುಗನಿಗೆ ಇದನ್ನ ಹೇಳಿದವರು ಯಾರು? ಪಿಸಿಎಂಬಿ ತಗೊಂಡವರ ಕಥೆಯೂ ಅಷ್ಟೇ. ನೀಟ್ ಆದ್ರೆ ಡಾಕ್ಟರ್, ಆಗದಿದ್ರೆ ಸಿಇಟಿ ರ‍್ಯಾಂಕ್ ಹಿಡ್ಕೊಂಡು ನಮ್ಮ ಪಕ್ಕದ ಬೆಂಚು. ನಡುವೆ ಇನ್ನೊಂದು ದಾರಿ ಇದೆ ಅಂತ ಮನೆಯಲ್ಲೂ ಗೊತ್ತಿಲ್ಲ, ಎಷ್ಟೋ ಕಾಲೇಜಲ್ಲೂ ಹೇಳಲ್ಲ. ಬಯಾಲಜಿ ಕಡ್ಡಾಯ ಇರಲಿ, ದೇಹ ಗೊತ್ತಿಲ್ಲದೆ ದೇಹದ ಚಿತ್ರ ತೆಗೆಯೋಕಾಗಲ್ಲ. ಆದರೆ ಫಿಸಿಕ್ಸ್, ಮ್ಯಾತ್ಸ್ ಚೆನ್ನಾಗಿ ಬರೋ ಪಿಸಿಎಂಸಿ ಹುಡುಗರಿಗೆ ಒಂದು ವರ್ಷದ ಬಯಾಲಜಿ ಬ್ರಿಡ್ಜ್ ಕೋರ್ಸ್ ಕೊಟ್ಟು ಪರೀಕ್ಷೆ ಮಾಡಿ ಸೇರಿಸಿಕೊಂಡ್ರೆ ನಷ್ಟ ಏನು? ಸಿಟಿ ಸ್ಕ್ಯಾನರ್ ಕಟ್ಟಿ 1979ರಲ್ಲಿ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಇಎಂಐ ಕಂಪನಿಯ ಇಂಜಿನಿಯರ್. ಈ ಎರಡು ಓದು ಪರಸ್ಪರ ದೂರದ್ದೇನಲ್ಲ.

ಹಾಗಾಗಿ ಒಂದು ವಿನಂತಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ನಿಮ್ಮ ತಮ್ಮ, ತಂಗಿ, ಪಕ್ಕದ ಮನೆ ಮಕ್ಕಳ ಜೊತೆ ಅರ್ಧ ಗಂಟೆ ಕೂತ್ಕೊಳ್ಳಿ. ಕಾಂಬಿನೇಷನ್ ಯಾವ ಬಾಗಿಲು ತೆಗೆಯುತ್ತೆ, ಯಾವುದು ಮುಚ್ಚುತ್ತೆ ಅಂತ ಹೇಳಿ. ಪಿಯುಸಿ ಆದವರು ಈ ಕೋರ್ಸ್ ಹುಡುಕ್ತಿದ್ರೆ ಫೀಸ್ ಕಟ್ಟೋ ಮೊದಲು ನಾಲ್ಕು ಪ್ರಶ್ನೆ ಕೇಳಿಸಿ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ? ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ? ಅಲ್ಲಿ ಸಿಟಿ, ಎಂಆರ್‌ಐ ನಿಜವಾಗ್ಲೂ ನಡೀತಿದೆಯಾ? ವಿದ್ಯಾರ್ಥಿಗಳಿಗೆ ಬ್ಯಾಡ್ಜ್ ಕೊಡ್ತಾರಾ? ಉತ್ತರ ತಡವರಿಸಿದ್ರೆ ಎದ್ದು ಬನ್ನಿ, ಬೇರೆ ಕಾಲೇಜು ನೋಡಿ.