ಚೌಕಗಳೆಲ್ಲ ಹಸಿರು, ಸಕ್ಕರೆ ಮಾತ್ರ ಇಳಿದಿಲ್ಲ

ಕಳೆದ ಮಳೆಗಾಲದಲ್ಲಿ ಐವತ್ತು ದಾಟಿದ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ರಿಯಾದ್‌ನಲ್ಲಿ ದುಡಿಯುವ ಮಗ ರಜೆಗೆ ಬಂದಾಗ ಅವರ ಮೊಬೈಲಿಗೆ ಒಂದು ಆರೋಗ್ಯದ ಆ್ಯಪ್ ಹಾಕಿಕೊಟ್ಟು ಹೋಗಿದ್ದ. ಮಾತ್ರೆ, ನಡಿಗೆ, ನೀರು, ನಿದ್ದೆ, ಪ್ರತಿಯೊಂದಕ್ಕೂ ಒಂದು ಚೌಕ. ಮಾಡಿದ ಮೇಲೆ ಒತ್ತಿದರೆ ಅದು ಹಸಿರಾಗುತ್ತದೆ. ಅವರು ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ತೋರಿಸಿದರು. ಎರಡು ತಿಂಗಳು ಪೂರ್ತಿ ಹಸಿರು. ಪಕ್ಕದಲ್ಲಿದ್ದ ಪ್ರಯೋಗಾಲಯದ ಚೀಟಿ ಮಾತ್ರ ಬೇರೆಯೇ ಹೇಳುತ್ತಿತ್ತು. ಎಚ್‌ಬಿಎ1ಸಿ 9.4. ಹಿಂದಿನ ಸಲಕ್ಕಿಂತ ಹೆಚ್ಚು.

ಮೆಲ್ಲಗೆ ವಿಚಾರಿಸಿದಾಗ ವಿಷಯ ಹೊರಬಂತು. ಮೊದಲ 41 ದಿನ ಅವರು ಪ್ರಾಮಾಣಿಕವಾಗಿಯೇ ಒತ್ತಿದ್ದರು. ಒಂದು ದಿನ ನಾದಿನಿಯನ್ನು ಆಸ್ಪತ್ರೆಗೆ ಸೇರಿಸುವ ಓಡಾಟದಲ್ಲಿ ಎಲ್ಲವೂ ತಪ್ಪಿತು. ಮರುದಿನ ಬೆಳಿಗ್ಗೆ ಮೊಬೈಲ್ ತೆರೆದರೆ ದೊಡ್ಡ ಅಕ್ಷರದಲ್ಲಿ 'ನಿಮ್ಮ ಗೆರೆ ಮುರಿದಿದೆ. 0 ದಿನ' ಎಂದಿತ್ತಂತೆ. "ಒಂದು ದಿನ ಬಿಟ್ರೆ ಎಲ್ಲಾ ಸೊನ್ನೆ ಡಾಕ್ಟ್ರಮ್ಮ. ಮಗ ಅಲ್ಲಿಂದ ನೋಡ್ತಾನೆ, ಬೇಜಾರು ಮಾಡ್ಕೋತಾನೆ. ಅದಕ್ಕೆ ಈಗ ಬೆಳಿಗ್ಗೆ ಎದ್ದ ಕೂಡಲೇ ಎಲ್ಲಾ ಒತ್ತಿಬಿಡ್ತೀನಿ." ನಡಿಗೆ ನಿಂತು ಎರಡು ತಿಂಗಳಾಗಿತ್ತು. ರಾತ್ರಿಯ ಮಾತ್ರೆ ವಾರಕ್ಕೆ ಎರಡು ಮೂರು ಸಲ ತಪ್ಪುತ್ತಿತ್ತು.

ನೀವು ಇದನ್ನು ಆ ತಾಯಿಯ ತಪ್ಪು ಎನ್ನಬಹುದು. ನಾನು ಹಾಗೆನ್ನಲಾರೆ. ಒಂದು ದಿನದ ತಪ್ಪಿಗೆ 41 ದಿನಗಳ ಶ್ರಮವನ್ನು ಅಳಿಸಿಹಾಕುವ ವಸ್ತುವಿನ ಮುಂದೆ ಮನುಷ್ಯ ಒಂದೋ ಕೈಚೆಲ್ಲುತ್ತಾನೆ, ಇಲ್ಲವೇ ಸುಳ್ಳು ಲೆಕ್ಕ ಬರೆಯುತ್ತಾನೆ. ಆ ಸುಳ್ಳನ್ನು ನಂಬಿ ನಾನು ಔಷಧಿಯ ಪ್ರಮಾಣ ಹೆಚ್ಚಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಹೆಚ್ಚಿಸಿದ ಮಾತ್ರೆಯನ್ನು ಅವರು ಒಂದು ದಿನ ಸರಿಯಾಗಿ ನುಂಗಿ, ಊಟ ತಡವಾಗಿ ಮಾಡಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದಿತ್ತು.

ಇದಾದ ಸ್ವಲ್ಪ ದಿನಕ್ಕೆ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಅವನೂ ಇಬ್ಬರು ಗೆಳೆಯರೂ ಸೇರಿ ಇಂಥದ್ದೇ ಒಂದು ಆ್ಯಪ್ ಮಾಡಿದ್ದಾರೆ. ಜನ ಹಾಕಿಕೊಳ್ಳುತ್ತಾರೆ, ಮೂರನೇ ವಾರಕ್ಕೆ ತೆಗೆದುಹಾಕುತ್ತಾರೆ ಎಂಬುದು ಅವನ ಕೊರಗು. ಅದಕ್ಕಾಗಿ ಅದರ ವಿನ್ಯಾಸವನ್ನು ಹೊಸದಾಗಿ ಮಾಡಿಕೊಂಡು ತಂದಿದ್ದ. ಹೊಸ ಬಣ್ಣ, ಪದಕಗಳು, ಗೆದ್ದಾಗ ಸಿಡಿಯುವ ಪಟಾಕಿ. "ಹೇಗಿದೆ ಖಾಲಾ?" ಎಂದ. ಚೆನ್ನಾಗಿದೆ ಎಂದು ನಾನು ಹೇಳಿ ಪ್ರಯೋಜನವಿಲ್ಲ, ಹೊರಗೆ ಬೆಂಚಿನ ಮೇಲೆ ಕೂತವರಿಗೆ ಕೊಡು, ನೀನು ಬಾಯಿ ತೆರೆಯದೆ ನೋಡು ಎಂದೆ.

ಐದು ಜನರಿಗೆ ಕೊಟ್ಟ. ಮೊದಲ ಪುಟದಲ್ಲೇ ಇಮೇಲ್ ಮತ್ತು ಪಾಸ್‌ವರ್ಡ್ ಕೇಳಿತು. ಇಬ್ಬರು ಅಲ್ಲೇ ಮೊಬೈಲ್ ಕೆಳಗಿಟ್ಟರು. ಒಬ್ಬ ಅಜ್ಜಿ, "ನಮ್ಮನೇಲಿ ಒಂದೇ ಫೋನು, ಅದು ಸೊಸೆಯದ್ದು" ಎಂದರು. ಒಂದು ಫೋನಿನಲ್ಲಿ ಮೂವರ ಮಾತ್ರೆ ನೆನಪಿಡುವ ವ್ಯವಸ್ಥೆ ಅದರಲ್ಲಿ ಇರಲೇ ಇಲ್ಲ. ಮೂರನೆಯವರು ಮೂತ್ರಪಿಂಡದ ರೋಗಿ. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಡವೆಂದು ಅವರಿಗೆ ತಜ್ಞ ವೈದ್ಯರು ಹೇಳಿದ್ದಾರೆ. ಆ್ಯಪ್ ಏನನ್ನೂ ಕೇಳದೆ ದಿನಕ್ಕೆ ಎಂಟು ಲೋಟದ ಗುರಿ ಕೊಟ್ಟು ಶುಭ ಹಾರೈಸಿತು. ನನ್ನ ಹುಡುಗನ ಮುಖ ಸಣ್ಣದಾದದ್ದು ಅಲ್ಲಿಯೇ. ಉಳಿದಿಬ್ಬರು ಕೊನೆಯವರೆಗೆ ಹೋದರು, ಇಬ್ಬರೂ ಒಂದೇ ಪ್ರಶ್ನೆ ಕೇಳಿದರು: ನಿನ್ನೆ ಒತ್ತಲು ಮರೆತಿದ್ದರೆ ಇವತ್ತು ಒತ್ತಬಹುದೇ? ಆಗುವುದಿಲ್ಲ.

ಆ್ಯಪ್ ಮಾಡುವ ನಮ್ಮ ಮಕ್ಕಳಿಗೂ ಅದನ್ನು ಅಪ್ಪ ಅಮ್ಮನ ಮೊಬೈಲಿಗೆ ಹಾಕಿಕೊಡುವ ನಿಮಗೂ ನಾನು ಹೇಳಬೇಕೆಂದಿರುವುದು ಇದು. ತಪ್ಪಿದ ದಿನವನ್ನು ಕ್ಷಮಿಸದ ಆ್ಯಪ್‌ಗೆ ಎಷ್ಟು ಬಣ್ಣ ಬಳಿದರೂ ಅದು ಆರೋಗ್ಯದ ಕೆಲಸಕ್ಕೆ ಬಾರದು.

ಇದು ಕೇವಲ ನನ್ನ ಕರುಣೆಯ ಮಾತಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊಸ ರೂಢಿ ತಾನಾಗಿ ನಡೆಯುವಷ್ಟು ಬೇರೂರಲು ಸುಮಾರು 66 ದಿನ ಬೇಕಾದವು. ಆದರೆ ಇದು ಎಲ್ಲರಿಗೂ ಒಂದೇ ಆಗಿರಲಿಲ್ಲ, ಲೆಕ್ಕ 18 ದಿನದಿಂದ 254 ದಿನದವರೆಗೆ ಹರಡಿತ್ತು. 21 ದಿನದಲ್ಲಿ ಅಭ್ಯಾಸ ಬೆಳೆಯುತ್ತದೆ ಎಂಬ ವಾಟ್ಸಾಪ್ ಮಾತನ್ನು ಇನ್ನಾದರೂ ಬಿಟ್ಟುಬಿಡಿ. ಇನ್ನೊಂದು ಸಂಗತಿ ನಮಗೆ ಮುಖ್ಯ. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಆ ತಾಯಿಯ 41 ದಿನ ಅವರ ಕಾಲುಗಳಲ್ಲಿ ಹಾಗೆಯೇ ಇತ್ತು, ಸೊನ್ನೆಯಾದದ್ದು ಪರದೆಯ ಮೇಲೆ ಮಾತ್ರ. ಅವರು ಪರದೆಯನ್ನು ನಂಬಿದರು.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವೇ? ಮಾಡಿದವರಿದ್ದಾರೆ. ಲೂಪ್ ಹ್ಯಾಬಿಟ್ ಟ್ರ್ಯಾಕರ್ ಎಂಬ ಉಚಿತ ಆ್ಯಪ್‌ನಲ್ಲಿ ಅಭ್ಯಾಸಕ್ಕೆ ಒಂದು ಬಲದ ಅಂಕವಿದೆ. ಮಾಡಿದ ದಿನ ಏರುತ್ತದೆ, ಬಿಟ್ಟ ದಿನ ಸ್ವಲ್ಪ ಇಳಿಯುತ್ತದೆ. ತಿಂಗಳ ಶ್ರಮ ಒಂದೇ ರಾತ್ರಿಯಲ್ಲಿ ಹೋಗುವುದಿಲ್ಲ. ಆ್ಯಪಲ್ ಕಂಪೆನಿ ಕೂಡ 2024ರಲ್ಲಿ ತನ್ನ ಕೈಗಡಿಯಾರದಲ್ಲಿ ದಿನದ ಗುರಿಗಳಿಗೆ ವಿರಾಮ ಕೊಡುವ ಸೌಲಭ್ಯ ತಂದಿತು. ಅಷ್ಟು ದೊಡ್ಡ ಕಂಪೆನಿಗೆ ಮನುಷ್ಯನಿಗೆ ಜ್ವರ ಬರುತ್ತದೆ ಎಂದು ಹೊಳೆಯಲು ಒಂಬತ್ತು ವರ್ಷ ಬೇಕಾಯಿತು!

"ಸೊನ್ನೆಯ ಭಯ ಇಲ್ಲದಿದ್ದರೆ ಜನ ಆ್ಯಪ್ ತೆರೆಯೋದೇ ಇಲ್ಲ ಖಾಲಾ" ಎಂದು ಹುಡುಗ ವಾದಿಸಿದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನನ್ನ ಮಗಳು ಇಂಗ್ಲಿಷ್ ಕಲಿಯುವ ಆ್ಯಪನ್ನು ಆ ಭಯದಿಂದಲೇ ದಿನವೂ ತೆರೆಯುತ್ತಾಳೆ. ಆದರೆ ಭಾಷೆ ಕಲಿಯುವವಳು ಬಿಟ್ಟರೆ ಎರಡು ಪದ ಮರೆತಾಳು. ಸಕ್ಕರೆ ರೋಗಿ ನಡಿಗೆ ಬಿಟ್ಟರೆ ನಷ್ಟ ಬೇರೆ. ಆ್ಯಪ್ ಎಷ್ಟು ಸಲ ತೆರೆಯಿತು ಎಂಬುದು ಅವನ ಲೆಕ್ಕ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದು ನನ್ನ ಲೆಕ್ಕ.

ಗುರಿಯ ವಿಷಯಕ್ಕೂ ಬರೋಣ. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಯಾವ ವೈದ್ಯರ ಸಂಶೋಧನೆಯಿಂದಲೂ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು ಅದು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿನೋವಿನ ಅಮ್ಮನಿಗೆ 10,000ದ ಗುರಿ ಇಟ್ಟುಕೊಡುವ ಮಗ ಇದನ್ನು ಗಮನಿಸಲಿ. ಯುನಾನಿಯಲ್ಲಿ ನಾವು ಗಾಳಿ, ಆಹಾರ-ಪಾನೀಯ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ವಿಸರ್ಜನೆ-ಧಾರಣೆ ಎಂಬ ಆರನ್ನು ಅಸ್ಬಾಬೆ ಸಿತ್ತಾ ಝರೂರಿಯ್ಯ ಎಂದು ಓದುತ್ತೇವೆ. ಪ್ರತಿಯೊಂದರ ಪ್ರಮಾಣವೂ ವ್ಯಕ್ತಿಯ ಮಿಝಾಜ್, ವಯಸ್ಸು, ಋತು ನೋಡಿ ನಿರ್ಧಾರವಾಗಬೇಕು. ಎಲ್ಲರಿಗೂ ಎಂಟು ಲೋಟ ಎನ್ನುವವನು ವೈದ್ಯನಲ್ಲ.

ಇನ್ನು ರಮಝಾನ್. ಉಪವಾಸವಿರುವವರ ಮೊಬೈಲ್ ಮಧ್ಯಾಹ್ನ ಒಂದು ಗಂಟೆಗೆ ನೀರು ಕುಡಿಯಿರಿ ಎಂದು ಹೊಡೆದುಕೊಳ್ಳುತ್ತದೆ. ಇಫ್ತಾರ್‌ನಿಂದ ಸಹರಿಯವರೆಗೆ ಕುಡಿದ ನೀರನ್ನು ನಡುರಾತ್ರಿ 12ಕ್ಕೆ ಎರಡು ದಿನಗಳಾಗಿ ಕತ್ತರಿಸಿ, ಎರಡರಲ್ಲೂ ನೀವು ಸೋತಿದ್ದೀರಿ ಎನ್ನುತ್ತದೆ. ನಗುವ ವಿಷಯ ಇಷ್ಟೇ. ಮಾತ್ರೆಯ ವೇಳೆ ಹಾಗಲ್ಲ. ಸಕ್ಕರೆ ರೋಗಿಗಳು ಉಪವಾಸ ಹಿಡಿಯಬಹುದೇ, ಮಾತ್ರೆ ಅಥವಾ ಇನ್ಸುಲಿನ್ ಯಾವಾಗ ಎಷ್ಟು ಎಂಬುದನ್ನು ರಮಝಾನ್‌ಗೆ ಒಂದೆರಡು ತಿಂಗಳ ಮೊದಲೇ ವೈದ್ಯರೊಡನೆ ಕೂತು ನಿರ್ಧರಿಸಬೇಕು. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂದು ಅಂತಾರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಹುಡುಗರು ಹೊಸ ಆ್ಯಪ್ ಮಾಡುವುದಾದರೆ ಪದಕಕ್ಕಿಂತ ಮೊದಲು ಈ ಎರಡು ಸಂಖ್ಯೆಗಳಿಗೆ ಜಾಗ ಕೊಡಲಿ.

ಹೆಣ್ಣುಮಕ್ಕಳಿಗೆ ತಿಂಗಳಲ್ಲಿ ಕೆಲವು ದಿನ ಉಪವಾಸವಿಲ್ಲ. ಬಾಣಂತಿಗೆ ನಲವತ್ತು ದಿನದ ಜೀವನವೇ ಬೇರೆ. ಇಂಥ ದಿನಗಳಿಗೆ 'ವಿರಾಮ' ಎಂಬ ಒಂದೇ ಗುಂಡಿ ಸಾಕು, ಕಾರಣ ಕೇಳಕೂಡದು. ಕಾರಣ ಬರೆಸಿಕೊಂಡರೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಫ್ಲೋ ಎಂಬ ಮುಟ್ಟಿನ ಲೆಕ್ಕದ ಆ್ಯಪ್, ಗುಟ್ಟಾಗಿಡುತ್ತೇವೆಂದು ಹೇಳಿ ಮಹಿಳೆಯರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದವುಗಳೊಂದಿಗೆ ಹಂಚಿಕೊಂಡಿತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2021ರಲ್ಲಿ ಕಂಪೆನಿ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು. ಮುಟ್ಟಿನ ದಿನ ಬರೆದಿಡಲು ಆ್ಯಪ್‌ಗೆ ನಿಮ್ಮ ಮೊಬೈಲಿನ ಫೋನ್ ನಂಬರುಗಳಾಗಲಿ, ನೀವಿರುವ ಜಾಗವಾಗಲಿ ಬೇಕಿಲ್ಲ. ಕೇಳಿದರೆ ನಿರಾಕರಿಸಿ. ಮಗಳ ಮೊಬೈಲಿನಲ್ಲಿಯೂ ಒಮ್ಮೆ ಅವಳ ಜೊತೆ ಕೂತು ನೋಡಿ.

ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಮ್ಮನ ಚೌಕಗಳನ್ನು ಅಲ್ಲಿಂದ ಕಾಯುವುದು ಪ್ರೀತಿಯೇ, ಗೊತ್ತು. ಆದರೆ ಹಸಿರಾಗದ ದಿನ "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ. "ನಿನ್ನೆ ಏನಾಯಿತಮ್ಮಾ?" ಎಂದು ಕೇಳಿ. ನಾದಿನಿಯ ಆಸ್ಪತ್ರೆಯ ಸುದ್ದಿ ಆ ಮಗನಿಗೆ ಎರಡು ತಿಂಗಳು ಗೊತ್ತೇ ಇರಲಿಲ್ಲ.

ಆ ತಾಯಿಗೆ ನಾನು ಔಷಧಿ ಹೆಚ್ಚಿಸಲಿಲ್ಲ. ಅವರ ಮೊಮ್ಮಗನ ಹಳೆಯ ನೋಟುಪುಸ್ತಕ ತರಿಸಿ, ವಾರಕ್ಕೆ ನಾಲ್ಕು ದಿನ ಅಸರ್ ನಮಾಝಿನ ನಂತರ ಇಪ್ಪತ್ತು ನಿಮಿಷ ನಡೆದರೆ ಸಾಕು, ನಡೆದ ದಿನ ಒಂದು ಗೆರೆ ಎಳೆಯಿರಿ, ನಡೆಯದ ದಿನ ಖಾಲಿ ಬಿಡಿ ಎಂದೆ. ಮೂರು ತಿಂಗಳ ನಂತರ ತಂದ ಪುಸ್ತಕದಲ್ಲಿ ಖಾಲಿ ಜಾಗ ಬೇಕಾದಷ್ಟಿತ್ತು. ಎಚ್‌ಬಿಎ1ಸಿ 8.1. ಅಕ್ಕನ ಮಗ ಆ ಪುಸ್ತಕದ ಫೋಟೊ ತೆಗೆದುಕೊಂಡು ಹೋಗಿದ್ದಾನೆ. ಮುಂದಿನ ಸಲ ಬರುವಾಗ ಇಮೇಲ್ ಕೇಳದ ಆ್ಯಪ್ ತರುತ್ತಾನಂತೆ. ಬೆಂಚಿನ ಮೇಲೆ ಕೂತವರು ನೋಡಲಿ.