ಸ್ವರ್ಗ ತಾಯಿಯ ಪಾದದಡಿ, ರಾತ್ರಿಯ ಜಾಗರಣೆ ಯಾರ ಪಾಲಿಗೆ?

ನಮ್ಮ ಜುಮಾ ಪ್ರವಚನಗಳಲ್ಲಿ, ನಿಕಾಹ್ ಸಮಾರಂಭಗಳ ಭಾಷಣಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರವಾದಿ ವಚನಗಳಲ್ಲಿ ತಾಯಿಯ ಪಾದದಡಿಯ ಸ್ವರ್ಗದ ಮಾತೂ ಒಂದು. ಅದನ್ನು ಕೇಳಿ ಕಣ್ಣಂಚು ಒರೆಸಿಕೊಳ್ಳುವ ಪುರುಷರು ಬಹಳ. ಅದೇ ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಮಗ್ಗುಲು ಬದಲಿಸಿ, ಹೊದಿಕೆಯನ್ನು ಕಿವಿಯ ಮೇಲೆಳೆದುಕೊಂಡು, ಅದನ್ನು ಸುಮ್ಮನಾಗಿಸು ಎಂದು ಮಡದಿಗೆ ಗದರುವವರೂ ಬಹಳ. ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಯಾವ ಮುಜುಗರವೂ ಇಲ್ಲದೆ ಕೂಡಿಬಾಳುತ್ತಿರುವುದರ ಬಗ್ಗೆ ನಮಗೆ ಹೇಳಬೇಕಾದುದಿದೆ.

ಮೊದಲಿಗೆ ಆ ವಚನದ ಸಂದರ್ಭವನ್ನೇ ನೋಡೋಣ. ನಸಾಈ ಸಂಗ್ರಹದ ವರದಿಯಂತೆ ಜಾಹಿಮಾ(ರ) ಎಂಬ ಸಹಾಬಿ ಯುದ್ಧಕ್ಕೆ ಹೊರಡುವ ಇರಾದೆಯಿಂದ ಪ್ರವಾದಿವರ್ಯರ(ಸ) ಸಲಹೆ ಕೇಳಲು ಬಂದಿದ್ದರು. ತಾಯಿ ಇದ್ದಾರೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇದ್ದಾರೆಂದು ತಿಳಿದಾಗ ಆಕೆಯ ಬಳಿಯಲ್ಲೇ ಇರುವಂತೆ ಆದೇಶಿಸಿ, ಸ್ವರ್ಗವಿರುವುದು ಆಕೆಯ ಪಾದಗಳಡಿಯಲ್ಲಿ ಎಂದರು. ಅಂದರೆ ಈ ಮಾತನ್ನು ತಾಯಿಗೆ ಹೇಳಿದ್ದಲ್ಲ, ಓರ್ವ ಗಂಡಸಿಗೆ ಹೇಳಿದ್ದು. ಅದು ಸೇವೆಯ ಆಜ್ಞೆ. ನಮ್ಮ ಭಾಷಣಕಾರರು ಅದನ್ನು ತಿರುಗಿಸಿ, ನಿದ್ದೆಗೆಟ್ಟ ಹೆಣ್ಣಿಗೆ ಕೊಡುವ ಸಮಾಧಾನದ ಬಹುಮಾನವನ್ನಾಗಿ ಮಾರ್ಪಡಿಸಿದ್ದಾರೆ. ನೆರವಿನ ಜಾಗದಲ್ಲಿ ಹೊಗಳಿಕೆಯನ್ನು ಕೊಟ್ಟು ಕೈತೊಳೆದುಕೊಳ್ಳುವ ಈ ವ್ಯವಹಾರವನ್ನು ಧರ್ಮ ಎನ್ನಲಾಗದು.

ಶಿರಸಿ ತಾಲ್ಲೂಕಿನ ನಮ್ಮ ದಾಸನಕೊಪ್ಪದಂತಹ ಊರುಗಳಲ್ಲಿ ಬಾಣಂತನವೆಂಬುದು ಇಂದಿಗೂ ಉಳಿದಿದೆ, ಅಲ್‌ಹಮ್ದುಲಿಲ್ಲಾಹ್. ತವರಿನಲ್ಲಿ ನಲವತ್ತು ದಿನ ಬಿಸಿನೀರು, ಎಣ್ಣೆ, ಪಥ್ಯ, ಸುತ್ತ ನಾಲ್ಕು ಹೆಂಗಸರು. ಆದರೆ ಮೂರನೆಯದೋ ಐದನೆಯದೋ ತಿಂಗಳಲ್ಲಿ ಮಗುವಿನೊಂದಿಗೆ ಗಂಡನ ಮನೆಗೆ ಬಂದ ಮೇಲೆ ಆಕೆ ಒಂಟಿ. ಅತ್ತಿಗೆ, ನಾದಿನಿ, ಚಿಕ್ಕಮ್ಮಂದಿರು ತುಂಬಿದ್ದ ಮನೆಗಳು ಒಡೆದು ಎರಡು ಕೋಣೆಗಳ ಮನೆಗಳಾಗಿವೆ. ಅನೇಕರ ಗಂಡಂದಿರು ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುತ್ತಾರೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದು. ಒಣಗದ ಲಂಗೋಟಿಗಳು ಒಲೆಯ ಮೇಲಿನ ಹಗ್ಗದಲ್ಲಿ ತೂಗುತ್ತಿರುತ್ತವೆ, ಕರೆಂಟು ಹೋಗಿರುತ್ತದೆ, ಕತ್ತಲಲ್ಲಿ ಓರ್ವ ಹೆಣ್ಣು ಹೆಗಲ ಮೇಲೆ ಮಗುವನ್ನು ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆಯುತ್ತಿರುತ್ತಾಳೆ.

ಬೆಳಗಾದೊಡನೆ ತೀರ್ಪುಗಳು ಹೊರಬೀಳುತ್ತವೆ. ಇವಳಿಗೆ ಹಾಲು ಸಾಲದು. ಸದಾ ಎತ್ತಿಕೊಂಡು ಮಗುವಿಗೆ ಕೆಟ್ಟ ಅಭ್ಯಾಸ ಮಾಡಿಸಿದ್ದಾಳೆ. ಮಗ್ರಿಬ್ ವೇಳೆಯಲ್ಲಿ ಹೊರಗೆ ತಂದು ನಝರ್ ತಗಲಿಸಿದ್ದಾಳೆ. ಮೊಬೈಲು ನೋಡುತ್ತ ಕೂರುತ್ತಾಳೆ. ಎಲ್ಲ ವಾಕ್ಯಗಳಲ್ಲೂ ಅಪರಾಧಿ ಒಬ್ಬಳೇ. ಮಗುವಿಗೆ ತಂದೆಯೊಬ್ಬನಿದ್ದಾನೆ ಎಂಬುದು ಅಕೀಕಾದ ದಿನ ಹೆಸರಿಡುವಾಗ ಮಾತ್ರ ನೆನಪಾಗುತ್ತದೆಯೇನೋ.

ವಾಸ್ತವವೇನು? ನವಜಾತ ಶಿಶುವಿನ ಹೊಟ್ಟೆ ಬಹಳ ಸಣ್ಣದು. ಎರಡು-ಮೂರು ಗಂಟೆಗಳಿಗೊಮ್ಮೆ ಹಾಲಿಗಾಗಿ ಎಚ್ಚರಗೊಳ್ಳುವುದು ಅದರ ಆರೋಗ್ಯದ ಲಕ್ಷಣ. ಹಗಲು-ರಾತ್ರಿಯ ಭೇದ ಮೊದಲ ಕೆಲವು ತಿಂಗಳು ಅದರ ದೇಹಕ್ಕೇ ತಿಳಿಯದು. ಆರೆಂಟು ತಿಂಗಳ ಹೊತ್ತಿಗೆ ತಾಯಿ ಕಣ್ಮರೆಯಾದರೂ ಎಲ್ಲೋ ಇದ್ದಾಳೆ ಎಂಬ ಅರಿವು ಮೂಡುತ್ತದೆ, ಅದರೊಡನೆ ಆಕೆಯನ್ನು ಕಳೆದುಕೊಳ್ಳುವ ಭಯವೂ ಹುಟ್ಟುತ್ತದೆ. ವರ್ಷ ತುಂಬುವ ಆಸುಪಾಸಿನಲ್ಲಿ ಈ ಭಯ ತೀವ್ರಗೊಂಡು ಮಗು ಸೆರಗು ಬಿಡದೆ ಅಂಟಿಕೊಳ್ಳುತ್ತದೆ, ಬಳಿಕ ಕ್ರಮೇಣ ಇಳಿಯುತ್ತದೆ. ಇದು ಅಲ್ಲಾಹನು ಸೃಷ್ಟಿಸಿದ ಬೆಳವಣಿಗೆಯ ಕ್ರಮ. ತಾಯಿ ಕೆಡಿಸಿದ್ದೂ ಅಲ್ಲ, ನೆರೆಮನೆಯಾಕೆಯ ಕಣ್ಣು ಬಿದ್ದದ್ದೂ ಅಲ್ಲ. ಮಗುವಿಗಾಗಿ ಅಲ್ಲಾಹನ ಅಭಯ ಬೇಡುವುದು ಸುನ್ನತ್ತೇ ಹೌದು, ಪ್ರವಾದಿವರ್ಯರು(ಸ) ಹಸನ್ ಮತ್ತು ಹುಸೈನ್(ರ)ರಿಗಾಗಿ ಹಾಗೆ ಬೇಡುತ್ತಿದ್ದರು. ಆದರೆ ದುಆ ಓದಿ ಊದಿದ ತಂದೆ ಆಮೇಲೆ ಮಗುವನ್ನು ಎತ್ತಿಕೊಳ್ಳಬಾರದೆಂದು ಯಾವ ಗ್ರಂಥದಲ್ಲಿದೆ? (ಜ್ವರ, ಹಾಲು ನಿರಾಕರಣೆ, ಎಡೆಬಿಡದ ಚೀರಾಟವಿದ್ದರೆ ತಾವೀಝಿನ ದಾರಿ ಹಿಡಿಯದೆ ವೈದ್ಯರಲ್ಲಿಗೆ ಓಡಬೇಕು. ನಿದ್ದೆ ಬರಲೆಂದು ಕೆಮ್ಮಿನ ಸಿರಪ್ಪು ಕುಡಿಸುವುದಂತೂ ಮಗುವಿನ ಜೀವದೊಂದಿಗೆ ಚೆಲ್ಲಾಟ.)

ಖಲೀಫಾ ಉಮರ್(ರ)ರ ಕಾಲದ ಒಂದು ಘಟನೆಯನ್ನು ಇಬ್ನ್ ಸಅದ್ ದಾಖಲಿಸಿದ್ದಾರೆ. ಮದೀನಾದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಕಾವಲಿಗೆ ರಾತ್ರಿಯಿಡೀ ನಿಂತರು. ಒಂದು ಮಗು ಅಳುತ್ತಿರುವುದು ಕೇಳಿಸಿತು. ಖಲೀಫರು ಹೋಗಿ ಮಗುವನ್ನು ಸಂತೈಸುವಂತೆ ತಾಯಿಗೆ ಹೇಳಿ ಬಂದರು. ಮತ್ತೆ ಅಳು, ಮತ್ತೆ ಅದೇ ಮಾತು. ಮೂರನೆಯ ಬಾರಿ ಅವರು ಸಹನೆ ಕಳೆದುಕೊಂಡು ನೀನೆಂತಹ ಕೆಟ್ಟ ತಾಯಿ ಎಂಬರ್ಥದ ಮಾತನ್ನಾಡಿದರು. ಎದುರಿಗಿರುವವರು ಯಾರೆಂದು ತಿಳಿಯದ ಆಕೆ ಕಾರಣವನ್ನು ಬಿಚ್ಚಿಟ್ಟಳು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಆದ್ದರಿಂದ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದೇನೆ. ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಪಾರಾಯಣ ಅಳುವಿನಿಂದಾಗಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿದೊಡನೆ, ಹಾಲು ಬಿಡಿಸಲು ಆತುರಪಡಬೇಡಿ, ಹುಟ್ಟಿದ ಪ್ರತಿ ಮಗುವಿಗೂ ಭತ್ಯೆಯಿದೆ ಎಂದು ಸಾರಿಸಿದರು.

ರಾತ್ರಿ ಅಳುವ ಕೂಸಿನ ಹಿಂದೆ ತಾಯಿಯ ತಪ್ಪನ್ನು ಹುಡುಕಲು ಹೊರಟ ಅಮೀರುಲ್ ಮುಅ್‌ಮಿನೀನರು ಬೆಳಗಾಗುವಷ್ಟರಲ್ಲಿ ಅಲ್ಲಿ ತಮ್ಮದೇ ಆಡಳಿತದ ತಪ್ಪನ್ನು ಕಂಡು ಅದನ್ನು ತಿದ್ದಿದರು. ನಮ್ಮ ಸಮಾಜವೋ ಅವರ ಮೂರನೆಯ ಬಾರಿಯ ಮಾತಿನಲ್ಲೇ ನಿಂತುಬಿಟ್ಟಿದೆ. ಫಜ್ರ್ ಇನ್ನೂ ಆಗಿಲ್ಲ.

ಹಾಗಾದರೆ ಮಗುವಿನ ಆರೈಕೆ ಹೆಂಗಸಿನ ಕೆಲಸವಲ್ಲವೇ ಎನ್ನುವವರು ಸೂರಃ ಅಲ್ ಬಕರದ 233ನೆಯ ಸೂಕ್ತವನ್ನು ಅರ್ಥಸಹಿತ ಓದಲಿ. ಹಾಲೂಡುವ ತಾಯಿಯ ಅನ್ನ-ಬಟ್ಟೆಯ ಹೊಣೆ ತಂದೆಯ ಮೇಲಿದೆ. ಮಗುವಿನ ಕಾರಣದಿಂದ ತಾಯಿಗೂ ಹಾನಿಯಾಗಬಾರದು, ತಂದೆಗೂ ಹಾನಿಯಾಗಬಾರದು. ಎರಡು ವರ್ಷಗಳಿಗೆ ಮುನ್ನ ಹಾಲು ಬಿಡಿಸುವುದಿದ್ದರೆ ಅದು ಇಬ್ಬರ ಸಮ್ಮತಿ ಮತ್ತು ಸಮಾಲೋಚನೆಯಿಂದ ಆಗಬೇಕು. ಹಾಲುಣಿಸಲು ಬೇರೆ ಸ್ತ್ರೀಯನ್ನು ನೇಮಿಸುವುದಕ್ಕೂ ಅನುಮತಿಯಿದೆ. ರಾಜ್ಯದ ಆಡಳಿತಕ್ಕೆ ಸಂಬಂಧಿಸಿ ನಾವು ಅಭಿಮಾನದಿಂದ ಉಚ್ಚರಿಸುವ ಶೂರಾದ ತತ್ವವನ್ನು ಕುರ್‌ಆನ್ ಇಲ್ಲಿ ತೊಟ್ಟಿಲಿನ ಬಳಿಗೆ ತಂದಿರಿಸಿದೆ. ಇದೇ ಸೂಕ್ತದ ಆಧಾರದಲ್ಲಿ ಅನೇಕ ಫಿಕ್ಹ್ ವಿದ್ವಾಂಸರು, ಮಗು ಬೇರೆಯವರ ಹಾಲು ಕುಡಿಯುವುದಾದರೆ ತಾಯಿಯನ್ನು ಹಾಲೂಡುವಂತೆ ಕಾನೂನಿನ ಬಲದಿಂದ ಒತ್ತಾಯಿಸಲಾಗದು ಎಂದಿದ್ದಾರೆ. ಸ್ತನಪಾನದ ವಿಷಯದಲ್ಲೇ ಇಷ್ಟು ಸೂಕ್ಷ್ಮವಿರುವಾಗ, ಲಂಗೋಟಿ ಬದಲಿಸುವುದು, ತೇಗು ಬರಿಸುವುದು, ತೂಗಿ ಮಲಗಿಸುವುದೆಲ್ಲ ಹೆಣ್ಣಿಗೇ ಮೀಸಲೆಂಬ ವಿಧಿ ಎಲ್ಲಿಂದ ಬಂತು?

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ಬುಖಾರಿಯಲ್ಲಿದೆ: ಮನೆಯವರ ಸೇವೆಯಲ್ಲಿರುತ್ತಿದ್ದರು, ಅಝಾನ್ ಆದಾಗ ಹೊರಡುತ್ತಿದ್ದರು. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ಅವರು ನಮಾಝ್ ನಿರ್ವಹಿಸಿದ್ದಾರೆ. ಸುಜೂದ್‌ಗೆ ಹೋಗುವಾಗ ಇಳಿಸಿ, ಎದ್ದು ನಿಂತಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಅಂಟಿಕೊಂಡ ಮಗುವನ್ನು ಸರಿಸುವ ಅವಸರ ಅವರಿಗಿರಲಿಲ್ಲ. ಸುದೀರ್ಘ ನಮಾಝ್ ಮಾಡಬೇಕೆಂದು ನಿಂತಾಗ ಮಗುವಿನ ಅಳು ಕೇಳಿಸಿದರೆ ತಾಯಿಗೆ ಕಷ್ಟವಾದೀತೆಂದು ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರು. ಈ ಹದೀಸ್‌ನಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ: ಆ ಮಸೀದಿಯಲ್ಲಿ ಹಸುಗೂಸುಗಳೂ ಅವುಗಳ ತಾಯಂದಿರೂ ಇದ್ದರು. ನಮ್ಮಲ್ಲಿ ನಾಲ್ಕು ವರ್ಷದ ಹುಡುಗ ಸಾಲಿನಲ್ಲಿ ಕೆಮ್ಮಿದರೂ ಹಿರಿಯರು ಹಿಂದಿರುಗಿ ಕೆಂಗಣ್ಣು ಬೀರುತ್ತಾರೆ.

ಇನ್ನು ಪುಣ್ಯದ ಹೆಸರಿನಲ್ಲಿ ಮನೆಯಿಂದ ಜಾರಿಕೊಳ್ಳುವವರ ವಿಷಯ. ಬಾಣಂತಿಯ ನಲವತ್ತು ದಿನಗಳಿಗೂ ನಾವು ಚಿಲ್ಲಾ ಎನ್ನುತ್ತೇವೆ, ಧರ್ಮಪ್ರಚಾರಕ್ಕಾಗಿ ಹೊರಡುವ ನಲವತ್ತು ದಿನಗಳಿಗೂ ಚಿಲ್ಲಾ ಎನ್ನುತ್ತೇವೆ. ಒಬ್ಬನ ಚಿಲ್ಲಾ ಇನ್ನೊಬ್ಬಳ ಚಿಲ್ಲಾದ ಮೇಲೆ ಬಿದ್ದಾಗ ಯಾವುದು ಮುಂದೂಡಲ್ಪಡಬೇಕು? ಬದ್ರ್ ಯುದ್ಧದ ವೇಳೆ ಹಝ್ರತ್ ಉಸ್ಮಾನ್(ರ)ರ ಪತ್ನಿ ರುಕಯ್ಯಾ(ರ) ಅಸ್ವಸ್ಥರಾಗಿದ್ದರು. ಪ್ರವಾದಿವರ್ಯರು(ಸ) ಉಸ್ಮಾನ್(ರ)ರನ್ನು ಮದೀನಾದಲ್ಲೇ, ಪತ್ನಿಯ ಶುಶ್ರೂಷೆಗಾಗಿ ಉಳಿಸಿದರು. ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ಸಿಕ್ಕ ಪ್ರತಿಫಲ, ಯುದ್ಧಾರ್ಜಿತದ ಪಾಲು ಎರಡೂ ಅವರಿಗೆ ಸಿಗುವುದೆಂದು ಘೋಷಿಸಿದರು. ಬದ್ರ್‌ಗಿಂತ ದೊಡ್ಡ ಪ್ರವಾಸ ಯಾರದು?

ಒಂದು ಆಕ್ಷೇಪ ನ್ಯಾಯವಾದುದು. ಬೆಳಗಿನ ಜಾವ ಎದ್ದು ಗಾರೆ ಕೆಲಸಕ್ಕೆ, ಲಾರಿ ಓಡಿಸಲಿಕ್ಕೆ ಹೋಗುವವನು ರಾತ್ರಿಯೆಲ್ಲ ಎಚ್ಚರವಿರಲಾರ. ಇದ್ದರೆ ಅಪಾಯವೂ ಹೌದು. ಕೇಂದ್ರ ಸರಕಾರದ ನೌಕರನಿಗೆ 15 ದಿನಗಳ ಪಿತೃತ್ವ ರಜೆಯಿದೆ, ದಿನಗೂಲಿಯವನಿಗೆ ಒಂದು ದಿನದ್ದೂ ಇಲ್ಲ. ಆದರೆ ರಾತ್ರಿಯನ್ನು ಪಾಲುಮಾಡಿಕೊಳ್ಳಬಹುದು. ಇಶಾದಿಂದ ಹನ್ನೊಂದೂವರೆಯವರೆಗೆ ಮಗು ತಂದೆಯ ಹೆಗಲಲ್ಲಿರಲಿ, ಅಷ್ಟು ಹೊತ್ತು ಆಕೆ ನಿರಾತಂಕವಾಗಿ ಮಲಗಲಿ. ಹೇಗೂ ಆ ವೇಳೆ ಅನೇಕರು ಕಟ್ಟೆಯ ಮೇಲೆ ಇಲ್ಲವೇ ಮೊಬೈಲಿನ ಮುಂದೆ ಎಚ್ಚರವಾಗಿಯೇ ಇರುತ್ತಾರೆ. ಫಜ್ರ್‌ಗೆ ಎದ್ದವನು ಕೆಲಸಕ್ಕೆ ಹೊರಡುವವರೆಗೆ ಮಗುವನ್ನು ನೋಡಿಕೊಳ್ಳಬಹುದು. ಕೊಲ್ಲಿಯಲ್ಲಿರುವವನು ಕರೆ ಮಾಡಿ, ಮಗು ಯಾಕೆ ಅಳುತ್ತಿದೆ ಎಂದು ಕೇಳುವ ಮುನ್ನ ನೀನು ನಿದ್ದೆ ಮಾಡಿದೆಯಾ ಎಂದು ಕೇಳಬಹುದು, ನೆರವಿಗೊಬ್ಬ ಹೆಂಗಸನ್ನು ಇಟ್ಟುಕೊಳ್ಳಲು ಹಣ ಕಳಿಸಬಹುದು.

ನಾವು ಏಳು ಮಕ್ಕಳನ್ನು ಸಾಕಲಿಲ್ಲವೇ ಎನ್ನುವ ಅತ್ತೆಯಂದಿರಿಗೂ ಗೌರವಪೂರ್ವಕವಾಗಿ ಒಂದು ಮಾತು. ಸಾಕಿದಿರಿ, ಆದರೆ ಒಬ್ಬರೇ ಸಾಕಲಿಲ್ಲ. ನಿಮ್ಮ ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳಿದ್ದವು. ಈಕೆಗಿರುವುದು ನಿಮ್ಮ ಎರಡು ಕೈಗಳು ಮಾತ್ರ.

ಇದು ಬರಿಯ ಆಯಾಸದ ಪ್ರಶ್ನೆಯೂ ಅಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ, ಭಾರತದ 38 ಅಧ್ಯಯನಗಳ ವಿಶ್ಲೇಷಣೆಯು ಹೆರಿಗೆಯ ನಂತರ ಸುಮಾರು ನೂರರಲ್ಲಿ 22 ತಾಯಂದಿರು ಖಿನ್ನತೆಗೊಳಗಾಗುತ್ತಾರೆ ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ತಾಯಿಯನ್ನು ಮಗುವಿನೊಂದಿಗೇ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ಘಟಕವಿದೆ. ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ದಾಸನಕೊಪ್ಪದಿಂದಲೂ ಉಚಿತವಾಗಿ ಸಲಹೆ ಪಡೆಯಬಹುದು. ಕಾರಣವಿಲ್ಲದೆ ಅಳುವ, ಮಗುವನ್ನು ಕಂಡರೆ ಭಯವಾಗುತ್ತದೆ ಎನ್ನುವ ಬಾಣಂತಿಗೆ ನಿನ್ನ ಈಮಾನ್ ಕಡಿಮೆಯಾಗಿದೆ ಎಂದು ಉಪದೇಶಿಸುವವರು ಗಾಯದ ಮೇಲೆ ಉಪ್ಪು ಸುರಿಯುತ್ತಿದ್ದಾರೆ.

ನಮ್ಮ ಸೀಮೆಗೆ ಮುಯ್ಯಾಳಿನ ಪದ್ಧತಿ ಹೊಸದಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಇದರಲ್ಲಿ ಜಾತಿ-ಮತ ನೋಡಿದವರೂ ಕಡಿಮೆ. ಸಸಿಗೆ ಕೊಡುವ ಈ ಕಾಳಜಿಯನ್ನು ಕೂಸಿಗೂ ಕೊಡಲು ಸಾಧ್ಯ. ಒಂದೇ ಓಣಿಯಲ್ಲಿ ಎಳೆ ಮಕ್ಕಳಿರುವ ಮೂರು ಮನೆಗಳಿದ್ದರೆ, ಮಧ್ಯಾಹ್ನ ಎರಡು ಗಂಟೆಗಳ ಕಾಲ ಸರದಿಯಂತೆ ಒಬ್ಬಾಕೆ ಮಕ್ಕಳನ್ನು ನೋಡಿಕೊಂಡು ಉಳಿದಿಬ್ಬರು ಮಲಗಲಿ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ರಾಜ್ಯ ಸರಕಾರ 2023ರಲ್ಲಿ ಘೋಷಿಸಿತು. ಸರಕಾರಕ್ಕೇ ಇದು ಹೊಳೆದಿರುವಾಗ, ಮಸೀದಿಗೆ ಟೈಲ್ಸ್ ಹಾಕಿಸಲು ಲಕ್ಷಗಟ್ಟಲೆ ಎತ್ತುವ ಜಮಾಅತ್‌ಗಳಿಗೆ ಹೊಳೆಯದಿರುವುದು ವಿಚಿತ್ರ.

ಹಣ ಖರ್ಚಾಗದ ಕೆಲಸವೂ ಒಂದಿದೆ. ನಿಕಾಹ್ ದಫ್ತರಿನಲ್ಲಿ ಮಹರ್ ಎಷ್ಟೆಂದು ಬರೆದುಕೊಳ್ಳುತ್ತೇವೆ, ವಲಿಯ ಹೆಸರು, ಸಾಕ್ಷಿಗಳ ಸಹಿ ಪಡೆಯುತ್ತೇವೆ. ಸಹಿಗೆ ಮುನ್ನ ವರನನ್ನು ಕೂರಿಸಿ, ಅಲ್ ಬಕರದ 233ನೆಯ ಸೂಕ್ತವನ್ನು ಓದಿ ಕನ್ನಡದಲ್ಲೋ ಉರ್ದುವಿನಲ್ಲೋ ಅರ್ಥ ವಿವರಿಸಲು ಹತ್ತು ನಿಮಿಷ ಸಾಕು. ಈ ವರ್ಷದ ಮದುವೆಗಳಿಂದಲೇ ಅದನ್ನು ಆರಂಭಿಸಲು ನಮ್ಮ ಜಮಾಅತ್ ಕಮಿಟಿಗಳಿಗೆ ಇರುವ ಅಡ್ಡಿಯಾದರೂ ಏನು?